ಬೆಳ್ಳಿ ಕಪ್ಪಾದ ಬಗೆ

ಅತ್ತಿಬೆಲೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಳಮನೆಯವರು ಗಡಿ ದಾಟಿ ಹೊಸೂರಿನಿಂದ ಒಂದು ಬೆಕ್ಕಿನ ಮರಿ ತಂದರು. ಅಂಗಡಿಯವನು ಹೇಳಿದ ಹೆಸರು ‘ಹಿಮಾಲಯನ್ ಪರ್ಷಿಯನ್, ಡಾಲ್ ಫೇಸ್’. ಹತ್ತಿಯ ಉಂಡೆಯಂತಿದ್ದ ಅಚ್ಚ ಬಿಳಿ ಮರಿ, ನೀಲಿ ಕಣ್ಣು. ಮಕ್ಕಳು ಬೆಳ್ಳಿ ಎಂದು ಕರೆದರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಆ ಮನೆಯ ಅಕ್ಕ ಮರಿಯನ್ನು ಎತ್ತಿಕೊಂಡು ಮೇಲೆ ಬಂದರು. “ನೋಡಿ ಇಲ್ಲಿ, ಹಾಲಿನ ಥರ ಇತ್ತು. ಈಗ ಕಿವಿಗೆ, ಮೂತಿಗೆ ಮಸಿ ಮೆತ್ತಿದ ಹಾಗಾಗಿದೆ. ಬಿಳೀ ಬಣ್ಣ ಬಳಿದು ಕೊಟ್ಟನೇನೋ ಅವನು!”

ಯಾರೂ ಬಣ್ಣ ಬಳಿದಿರಲಿಲ್ಲ. ಕಿವಿ, ಮೂತಿ, ಪಾದ, ಬಾಲ ಮಾತ್ರ ಕಪ್ಪಾಗಿ ಉಳಿದ ಮೈ ಕೆನೆಬಣ್ಣದಲ್ಲಿರುವುದೇ ಈ ತಳಿಯ ಗುರುತು. ಬೆಳ್ಳಿ ಕಪ್ಪಾಗದೆ ಹಾಗೇ ಉಳಿದಿದ್ದರೆ ಅಂಗಡಿಯವನ ಮಾತನ್ನು ಅನುಮಾನಿಸಬೇಕಾಗಿತ್ತು. ಆದರೆ ಇದೇ ನಾಲ್ಕು ಜಾಗ ಏಕೆ? ಬೆನ್ನೇಕೆ ಕಪ್ಪಾಗಲಿಲ್ಲ?

ಬೆಕ್ಕನ್ನು ಮಡಿಲಲ್ಲಿ ಕೂರಿಸಿಕೊಂಡು ಮುಟ್ಟಿ ನೋಡಿದರೆ ಅರ್ಧ ಉತ್ತರ ಬೆರಳಿಗೇ ಸಿಗುತ್ತದೆ. ಹೊಟ್ಟೆ ಬೆಚ್ಚಗಿರುತ್ತದೆ, ಕಿವಿಯ ತುದಿ ತಣ್ಣಗಿರುತ್ತದೆ. ಬೆಕ್ಕಿನ ಮೈಯೊಳಗಿನ ಉಷ್ಣತೆ 38ರಿಂದ 39 ಡಿಗ್ರಿ ಸೆಲ್ಸಿಯಸ್. ತೆಳುವಾದ ಕಿವಿ, ಉದ್ದನೆಯ ಬಾಲ, ನೆಲಕ್ಕೆ ತಾಗುವ ಪಾದ, ಉಸಿರಾಡುವ ಮೂತಿ ಇವುಗಳ ಚರ್ಮ ಅದಕ್ಕಿಂತ ಕೆಲವು ಡಿಗ್ರಿ ತಂಪು. ಬೆಳ್ಳಿಯ ಮೈಮೇಲೆ ಎಲ್ಲಿ ತಂಪೋ ಅಲ್ಲಿ ಕಪ್ಪು.

ಕೂದಲಿಗೂ ಚರ್ಮಕ್ಕೂ ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸುವ ಕೆಲಸದ ಮೊದಲ ಹೆಜ್ಜೆಗೆ ಟೈರೋಸಿನೇಸ್ ಎಂಬ ಕಿಣ್ವ ಬೇಕು. ಕಿಣ್ವವೆಂದರೆ ಅಮೈನೋ ಆಮ್ಲಗಳನ್ನು ಮಣಿಸರದಂತೆ ಪೋಣಿಸಿ, ಒಂದು ನಿರ್ದಿಷ್ಟ ಆಕಾರಕ್ಕೆ ಮಡಚಿದ ಪ್ರೋಟೀನು. ಬೆಳ್ಳಿಯಂಥ ಬೆಕ್ಕುಗಳಲ್ಲಿ ಈ ಸರದ 302ನೆಯ ಮಣಿ ಬದಲಾಗಿದೆ. ಗ್ಲೈಸಿನ್ ಇರಬೇಕಾದ ಕಡೆ ಆರ್ಜಿನಿನ್ ಕೂತಿದೆ. ಕ್ಯಾಲಿಫೋರ್ನಿಯಾದ ಲೆಸ್ಲಿ ಲಯನ್ಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಸಂಗತಿ ಇದು. ಆ ಒಂದೇ ಮಣಿಯಿಂದಾಗಿ ಕಿಣ್ವ ನಮ್ಮ ಅಡುಗೆಮನೆಯ ತುಪ್ಪದಂತಾಗಿದೆ: ತಂಪಿನಲ್ಲಿ ಗಟ್ಟಿ, ಬಿಸಿಯಲ್ಲಿ ಸಡಿಲ. ಮೈಯ ಬಿಸಿಗೆ ಅದರ ಆಕಾರ ಕೆಟ್ಟು ಮೆಲನಿನ್ ತಯಾರಿ ಹೆಚ್ಚುಕಡಿಮೆ ನಿಲ್ಲುತ್ತದೆ. ಕಿವಿಯ ತಂಪಿನಲ್ಲಿ ಆಕಾರ ನಿಲ್ಲುತ್ತದೆ, ಕೆಲಸ ನಡೆಯುತ್ತದೆ. ತಾಯಿಯ ಗರ್ಭದೊಳಗೆ ತಂಪಾದ ಮೂಲೆಯೇ ಇಲ್ಲವಲ್ಲ, ಹಾಗಾಗಿ ಈ ಮರಿಗಳೆಲ್ಲ ಹುಟ್ಟುವಾಗ ಬಿಳಿ. ಹೊರಗಿನ ಗಾಳಿ ತಾಗಿ, ಹೊಸ ಕೂದಲು ಬೆಳೆದಂತೆ ಕಪ್ಪು ಒಂದೊಂದೇ ತುದಿಯಲ್ಲಿ ಮೂಡುತ್ತದೆ.

ಇದು ಬೆಕ್ಕುಗಳಿಗೇ ಮೀಸಲಾದ ಗುಣವಲ್ಲ. ಹಿಮಾಲಯನ್ ಎಂಬ ಹೆಸರು ಬಂದಿರುವುದೂ ಪರ್ವತದಿಂದ ನೇರವಾಗಿ ಅಲ್ಲ. ಇದೇ ರೀತಿ ಕಿವಿ ಮೂತಿ ಕಪ್ಪಾಗುವ ಹಿಮಾಲಯನ್ ಮೊಲದಿಂದ. ಬೆಕ್ಕಿನಲ್ಲಿ ಈ ಗುಣದ ತವರು ಥಾಯ್ಲೆಂಡ್, ಅಂದಿನ ಸಯಾಂ. 1884ರಲ್ಲಿ ಬ್ಯಾಂಕಾಕಿನ ಬ್ರಿಟಿಷ್ ಕಾನ್ಸುಲ್ ಗೌಲ್ಡ್ ಒಂದು ಜೋಡಿಯನ್ನು ತನ್ನ ತಂಗಿಗಾಗಿ ಇಂಗ್ಲೆಂಡಿಗೆ ತಂದ. ಅಲ್ಲಿಂದ ಸಯಾಮೀಸ್ ತಳಿ ಪಶ್ಚಿಮದಲ್ಲಿ ಹೆಸರು ಮಾಡಿತು. 1930ರ ದಶಕದಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಕ್ಲೈಡ್ ಕೀಲರ್ ಮತ್ತು ವರ್ಜೀನಿಯಾ ಕಾಬ್ ಸಯಾಮೀಸ್ ಬೆಕ್ಕನ್ನು ಉದ್ದ ಕೂದಲಿನ ಪರ್ಷಿಯನ್ ಬೆಕ್ಕಿನೊಂದಿಗೆ ಕೂಡಿಸಿದರು. ಹೊಸ ತಳಿ ಮಾರುವ ಆಸೆ ಅವರಿಗಿರಲಿಲ್ಲ. ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಹೇಗೆ ಇಳಿಯುತ್ತವೆಂದು ತಿಳಿಯಬೇಕಿತ್ತು. ಉದ್ದ ಕೂದಲು, ಕಪ್ಪು ತುದಿ ಎರಡೂ ಮರೆಯಲ್ಲಿ ಉಳಿಯುವ ಗುಣಗಳು. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ತೋರುತ್ತವೆ. ಹಾಗಾಗಿ ಮೊದಲ ಪೀಳಿಗೆಯ ಮರಿಗಳು ಗಿಡ್ಡ ಕೂದಲಿನವು, ಮೈಯೆಲ್ಲ ಒಂದೇ ಬಣ್ಣ. ಅವುಗಳನ್ನೇ ಪರಸ್ಪರ ಕೂಡಿಸಿದರೆ, ಮೆಂಡೆಲನ ಲೆಕ್ಕದಂತೆ ಹದಿನಾರರಲ್ಲಿ ಒಂದು ಮರಿಗೆ ಎರಡೂ ಗುಣ ಕೂಡಿಬರುತ್ತದೆ. ಅಮೆರಿಕದ ಬೆಕ್ಕು ಸಾಕುವವರ ಸಂಘ 1957ರಲ್ಲಿ ಇದನ್ನು ಪ್ರತ್ಯೇಕ ತಳಿಯೆಂದು ಒಪ್ಪಿತು. 1984ರಲ್ಲಿ ಪರ್ಷಿಯನ್ ತಳಿಯ ಒಂದು ಬಣ್ಣವೆಂದು ಮತ್ತೆ ಒಳಗೆ ಸೇರಿಸಿತು. ಬೆಂಗಳೂರಿನ ಅಂಗಡಿಗಳಲ್ಲಿ ಎರಡು ಹೆಸರೂ ಜೋಡಿಯಾಗಿ ಕೇಳಿಬರುವುದಕ್ಕೆ ಈ ಹಿನ್ನೆಲೆಯಿದೆ.

ಕಪ್ಪು ಎಂದು ನಾನು ಅನ್ನುತ್ತಿದ್ದರೂ ತುದಿಗಳು ಕಡುಕಂದು, ಚಾಕೊಲೇಟ್, ಬೂದುನೀಲಿ, ಕಿತ್ತಳೆ ಯಾವುದೂ ಆಗಬಹುದು. ಯಾವ ಬಣ್ಣವೆಂಬುದನ್ನು ಬೇರೆ ಜೀನ್‌ಗಳು ನಿರ್ಧರಿಸುತ್ತವೆ, ಎಲ್ಲಿ ಎಂಬುದನ್ನು ಈ ಕಿಣ್ವ.

ಕಣ್ಣಿನ ಕಥೆ ಇನ್ನೂ ಆಳ. ಬೆಳ್ಳಿಯ ಕಣ್ಣಲ್ಲಿ ನೀಲಿ ಬಣ್ಣವೆಂಬ ವಸ್ತುವೇ ಇಲ್ಲ. ಕಣ್ಣು ಇರುವುದು ತಲೆಯ ಬಿಸಿಯೊಳಗೆ. ಅಲ್ಲಿ ಮೆಲನಿನ್ ಕಡಿಮೆ. ಬಣ್ಣವಿಲ್ಲದ ಪಾಪೆಪೊರೆಯಲ್ಲಿ ಬೆಳಕು ಚದುರಿ ನಮಗೆ ನೀಲಿಯಾಗಿ ಕಾಣುತ್ತದೆ. ಕರೆಂಟು ಹೋದ ರಾತ್ರಿ ಟಾರ್ಚ್ ಬಿಟ್ಟರೆ ಬೀದಿ ಬೆಕ್ಕಿನ ಕಣ್ಣು ಹಸಿರಾಗಿ ಹೊಳೆಯುತ್ತದೆ, ಬೆಳ್ಳಿಯದು ಕೆಂಪಗೆ. ಮೆಲನಿನ್ನಿನ ಕೊರತೆ ನರಗಳನ್ನೂ ತಟ್ಟಿದೆ. ಗರ್ಭದಲ್ಲಿ ಕಣ್ಣಿನಿಂದ ಮಿದುಳಿಗೆ ನರದ ಎಳೆಗಳು ಹೊರಡುವಾಗ ಕೆಲವು ತಪ್ಪು ಕಡೆ ದಾಟಿಬಿಡುತ್ತವೆ. ಇದನ್ನು ಸಯಾಮೀಸ್ ಬೆಕ್ಕುಗಳಲ್ಲಿ 1969ರಲ್ಲಿ ತೋರಿಸಿದವರು ರೇ ಗಿಲರಿ. ಹಳೆಯ ಸಯಾಮೀಸ್‌ಗಳಲ್ಲಿ ಮೆಳ್ಳೆಗಣ್ಣು ಅಷ್ಟು ಸಾಮಾನ್ಯವಾಗಿದ್ದುದು ಇದರಿಂದಲೇ.

ಇಷ್ಟೆಲ್ಲ ಕೇಳಿದ ಮೇಲೂ ಅಕ್ಕನ ಪ್ರಶ್ನೆ ಒಂದೇ: “ಕಾಯಿಲೆ ಅಲ್ಲ ತಾನೆ?” ಅಲ್ಲ. ಈ ಬಣ್ಣ ಬದಲಾವಣೆ ಕಂಡು ಬೆಕ್ಕನ್ನು ಮರಳಿಸುವವರು, ಬೀದಿಗೆ ಬಿಡುವವರು ಇದ್ದರೆ ಅದು ದೊಡ್ಡ ಅನ್ಯಾಯ. ಹೆದರಬೇಕಾದದ್ದು ಬೇರೆಡೆ ಇದೆ. ಅಂಗಡಿಗಳಲ್ಲಿ ‘ಪಂಚ್ ಫೇಸ್’ ಎಂದು ಹೆಚ್ಚು ದುಡ್ಡಿಗೆ ಮಾರುವ, ಗುದ್ದಿ ಚಪ್ಪಟೆ ಮಾಡಿದಂತಿರುವ ಮುಖದ ಬೆಕ್ಕುಗಳಿಗೆ ಉಸಿರಾಟವೇ ಕಷ್ಟ. ಕಣ್ಣೀರಿನ ನಾಳ ಸೊಟ್ಟಗಾಗಿ ಸದಾ ಕಣ್ಣಲ್ಲಿ ನೀರು. ಪರ್ಷಿಯನ್ ವಂಶದಲ್ಲಿ ಮೂತ್ರಪಿಂಡದಲ್ಲಿ ನೀರುಗುಳ್ಳೆ ಬೆಳೆಯುವ ಆನುವಂಶಿಕ ಕಾಯಿಲೆಯೂ ಇದೆ. ಹಲವು ದೇಶಗಳ ಹಳೆಯ ಸಮೀಕ್ಷೆಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಪರ್ಷಿಯನ್ ಬೆಕ್ಕುಗಳಲ್ಲಿ ಅದು ಕಂಡಿತ್ತು. ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು. ಪತ್ತೆಗೆ ಜೀನ್ ಪರೀಕ್ಷೆ ಇದೆ. ಮರಿ ಕೊಳ್ಳುವ ಮುಂಚೆ ಬಣ್ಣದ ಹೆಸರು ಕೇಳುವವರು ಈ ಪರೀಕ್ಷೆಯನ್ನು ಕೇಳಲಿ.

ಡಿಸೆಂಬರಿನಲ್ಲಿ ಬೆಳ್ಳಿಗೆ ಸಂತಾನಹರಣ ಆಪರೇಷನ್ ಆಯಿತು. ಎಡ ಪಕ್ಕೆಯಲ್ಲಿ ಅಂಗೈ ಅಗಲ ಕೂದಲು ಬೋಳಿಸಿದ್ದರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಸೀಮೆಯಲ್ಲಿ ಆ ತಿಂಗಳ ರಾತ್ರಿಗಳು 16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತವೆ. ಬೆಳ್ಳಿಗೆ ಯುಟಿಲಿಟಿಯ ಕಿಟಕಿಯಲ್ಲಿ ಕೂತು ಹೆದ್ದಾರಿಯ ಲಾರಿಗಳನ್ನು ನೋಡುವ ಚಟ ಬೇರೆ. ಫೆಬ್ರವರಿಯ ಹೊತ್ತಿಗೆ ಕೆನೆಬಣ್ಣದ ಪಕ್ಕೆಯ ನಡುವೆ ಕಡುಕಂದು ಚೌಕವೊಂದು ಎದ್ದಿತು. ಅಕ್ಕ ಮತ್ತೆ ಮೇಲೆ ಬಂದರು. ಈ ಸಲ ಡಾಕ್ಟರ ಮೇಲೆ ಅನುಮಾನ.

ಕೂದಲಿನ ಕಂಬಳಿ ಇಲ್ಲದ ಚರ್ಮ ತಣ್ಣಗಾಗಿತ್ತು, ಮಲಗಿದ್ದ ಕಿಣ್ವ ಎದ್ದಿತ್ತು, ಅಷ್ಟೆ. 1930ರಲ್ಲಿ ಇಲ್ಯಿನ್ ಎಂಬ ಹೆಸರಿನ ಇಬ್ಬರು ರಷ್ಯನ್ ಸಂಶೋಧಕರು ಸಯಾಮೀಸ್ ಬೆಕ್ಕುಗಳ ಕೂದಲು ಬೋಳಿಸಿ, ತಂಪಿನಲ್ಲಿಟ್ಟು, ಇದನ್ನೇ ಕಂಡು ಬರೆದಿದ್ದರು. ಒಮ್ಮೆ ಬೆಳೆದ ಕೂದಲು ಮಾತ್ರ ಬಣ್ಣ ಬದಲಿಸುವುದಿಲ್ಲ. ಉದುರಿ ಹೊಸದು ಬರಬೇಕು. ಇದೇ ತಾಯಿಯ ಇನ್ನೊಂದು ಮರಿ ಚೆನ್ನೈ ಸೇರಿದ್ದರೆ ಅಲ್ಲಿನ ಸೆಕೆಗೆ ಇದಕ್ಕಿಂತ ತಿಳಿಯಾಗಿ ಬೆಳೆಯುತ್ತಿತ್ತು.

ಯುಗಾದಿ ಕಳೆದು ಬಿಸಿಲು ಏರಿದೆ. ಅಕ್ಕ ದಿನಾ ಸಂಜೆ ಬೆಳ್ಳಿಯ ಮೈ ಬಾಚುತ್ತಾರೆ. ಬಾಚಣಿಗೆಗೆ ಕಂದು ಕೂದಲು ಸಿಕ್ಕಿ ಬರುತ್ತಿದೆ. ಚೌಕವನ್ನು ಬೆರಳಿಂದ ಬಿಡಿಸಿ ನೋಡಿದರೆ ಬುಡದಲ್ಲಿ ಹೊಸದು ಹುಟ್ಟುತ್ತಿದೆ, ಕೆನೆಬಣ್ಣದ್ದು.