ಸರಕು ವಾಹನದ ಕ್ಲಚ್ ದುರಸ್ತಿ: ಹಣ ತೆರುವ ಮುನ್ನ ತಿಳಿಯಬೇಕಾದ ಸಂಗತಿಗಳು

ಸ್ವಂತ ಸರಕು ವಾಹನವನ್ನು ಹೊಂದಿರುವ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ವಾಹನದ ಬೆಲೆ ಒಮ್ಮೆ ತೆರುವ ಹಣ. ಅದರ ದುರಸ್ತಿಯಾದರೋ ವರ್ಷವರ್ಷವೂ ಲೆಕ್ಕಪುಸ್ತಕದಲ್ಲಿ ಕಾಣಿಸಿಕೊಳ್ಳುವ ಬಾಬತ್ತು. ಟೈರಿನ ಸವೆತ ಕಣ್ಣಿಗೆ ಕಾಣುತ್ತದೆ. ಕ್ಲಚ್ಚಿನ ಸವೆತ ಹಾಗಲ್ಲ. ಅದು ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಅಡಗಿರುವ ಭಾಗ. ಸಾಮಾನ್ಯವಾಗಿ ಗೇರ್ ಬಾಕ್ಸ್ ಇಳಿಸದೆ ಅದನ್ನು ಪೂರ್ಣವಾಗಿ ಪರೀಕ್ಷಿಸಲಾಗದು. ಇಳಿಸಿದ ಮೇಲೆ ಕೂಲಿಯ ಬಹುಪಾಲು ಆಗಲೇ ಖರ್ಚಾಗಿರುತ್ತದೆ. ಈ ಕಾರಣದಿಂದಲೇ ಕ್ಲಚ್ಚಿನ ವಿಷಯದಲ್ಲಿ ಅವಸರದ ತೀರ್ಮಾನಗಳೂ ಅನಗತ್ಯ ಬದಲಾವಣೆಗಳೂ ಹೆಚ್ಚು.

ನಿದರ್ಶನಕ್ಕಾಗಿ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಹಾಸನದ ಸಣ್ಣ ಘಟಕವೊಂದು ಮಂಗಳೂರಿನಿಂದ ಕಚ್ಚಾ ಸಾಮಗ್ರಿಯನ್ನು ತನ್ನದೇ ವಾಹನದಲ್ಲಿ ತರಿಸುತ್ತದೆ. ಗುಂಡ್ಯ ದಾಟಿ ಶಿರಾಡಿ ಘಟ್ಟ ಏರುವಾಗ ಎಂಜಿನ್ನಿನ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಸುಟ್ಟ ವಾಸನೆ ಬರುತ್ತದೆ. ಗ್ಯಾರೇಜಿನವರು "ಚಾಲಕ ಹಾಫ್ ಕ್ಲಚ್ಚಿನಲ್ಲಿ ಓಡಿಸಿ ಪ್ಲೇಟ್ ಸುಟ್ಟಿದ್ದಾನೆ" ಎಂದು ಹೇಳಿ ಹೊಸ ಪ್ಲೇಟ್ ಹಾಕುತ್ತಾರೆ. ಮಾಲೀಕರು ಚಾಲಕನನ್ನು ಗದರಿಸಿ, ಖರ್ಚಿನ ಒಂದು ಭಾಗವನ್ನು ಅವನ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಕೆಲವೇ ವಾರಗಳಲ್ಲಿ ಅದೇ ಘಟ್ಟದಲ್ಲಿ ಅದೇ ತೊಂದರೆ ಮರುಕಳಿಸುತ್ತದೆ. ಎರಡನೆಯ ಗ್ಯಾರೇಜಿನಲ್ಲಿ ಗೇರ್ ಬಾಕ್ಸ್ ಇಳಿಸಿದಾಗ ಹೊಸ ಪ್ಲೇಟಿನ ಮೇಲೆ ಎಂಜಿನ್ ಆಯಿಲ್ ಕಾಣುತ್ತದೆ. ಕ್ರ್ಯಾಂಕ್ ಶಾಫ್ಟಿನ ಹಿಂಬದಿಯ ಆಯಿಲ್ ಸೀಲ್ ಸೋರುತ್ತಿತ್ತು. ಮೊದಲ ಬಾರಿಯೇ ಅದನ್ನು ನೋಡಿ ಬದಲಾಯಿಸಿದ್ದರೆ ಒಂದು ಸೀಲಿನ ಬೆಲೆಯಲ್ಲಿ ಮುಗಿಯುತ್ತಿದ್ದ ಹೆಚ್ಚುವರಿ ಕೆಲಸಕ್ಕೆ ಎರಡು ಪ್ಲೇಟು, ಎರಡು ಬಾರಿಯ ಕೂಲಿ, ತಡವಾದ ಸರಬರಾಜು, ಇವುಗಳ ಜೊತೆಗೆ ನಿರಪರಾಧಿಯೊಬ್ಬನ ಸಂಬಳವೂ ಹೋಯಿತು.

ಕ್ಲಚ್ ಕೆಲಸ ಮಾಡುವ ಬಗೆ

ಎಂಜಿನ್ನಿನೊಡನೆ ತಿರುಗುವ ಫ್ಲೈವೀಲ್‌ಗೂ ಪ್ರೆಶರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟ್ ಇರುತ್ತದೆ. ಸ್ಪ್ರಿಂಗಿನ ಬಲದಿಂದ ಪ್ರೆಶರ್ ಪ್ಲೇಟ್ ಅದನ್ನು ಫ್ಲೈವೀಲ್‌ಗೆ ಒತ್ತಿ ಹಿಡಿದಾಗ ಎಂಜಿನ್ನಿನ ಶಕ್ತಿ ಗೇರ್ ಬಾಕ್ಸಿಗೆ ಸಾಗುತ್ತದೆ. ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಮುಂದೆ ಸರಿದು ಸ್ಪ್ರಿಂಗನ್ನು ಒತ್ತಿ ಈ ಹಿಡಿತವನ್ನು ಸಡಿಲಿಸುತ್ತದೆ. ಪೆಡಲಿನಿಂದ ಬೇರಿಂಗಿನವರೆಗೆ ಒತ್ತಡವನ್ನು ಒಯ್ಯಲು ಕೆಲವು ವಾಹನಗಳಲ್ಲಿ ಕೇಬಲ್ ಇರುತ್ತದೆ. ಹಲವು ವಾಹನಗಳಲ್ಲಿ ಮಾಸ್ಟರ್ ಸಿಲಿಂಡರ್, ಸ್ಲೇವ್ ಸಿಲಿಂಡರ್ ಮತ್ತು ಅವುಗಳ ನಡುವಿನ ದ್ರವ ಈ ಕೆಲಸ ಮಾಡುತ್ತವೆ. "ಕ್ಲಚ್ ಹೋಗಿದೆ" ಎಂಬ ಒಂದೇ ಮಾತಿನ ಹಿಂದೆ ಇವುಗಳಲ್ಲಿ ಯಾವುದಾದರೂ ಇರಬಹುದು.

ಲಕ್ಷಣಗಳು ಹೇಳುವುದೇನು?

ಕ್ಲಚ್ಚಿನ ತೊಂದರೆಗಳನ್ನು ಮುಖ್ಯವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಸ್ಲಿಪ್ ಆಗುವುದು. ಭಾರ ಹೊತ್ತು ಏರು ಹತ್ತುವಾಗ ಎಂಜಿನ್ನಿನ ಸುತ್ತು ಹೆಚ್ಚಿ ವೇಗ ಹೆಚ್ಚದಿರುವುದು ಇದರ ಗುರುತು. ಪ್ಲೇಟಿನ ಸವೆತ, ಸ್ಪ್ರಿಂಗಿನ ಬಲ ಕುಂದುವುದು, ಪ್ಲೇಟಿಗೆ ಆಯಿಲ್ ತಗಲುವುದು, ಕೇಬಲ್ ತೀರ ಬಿಗಿಯಾಗಿರುವುದು, ಇವೆಲ್ಲವೂ ಕಾರಣಗಳಾಗಬಹುದು. ಕೊನೆಯದಕ್ಕೆ ಹೊಂದಾಣಿಕೆಯೊಂದೇ ಸಾಕು.

ಎರಡನೆಯದು, ಪೂರ್ತಿ ಬಿಡದಿರುವುದು. ಪೆಡಲ್ ಪೂರ್ತಿ ತುಳಿದರೂ ಗೇರ್ ಬೀಳುವುದಿಲ್ಲ. ರಿವರ್ಸ್ ಗೇರ್ ಕರಕರ ಎನ್ನುತ್ತದೆ. ಇಲ್ಲಿ ಪ್ಲೇಟಿಗಿಂತ ಮೊದಲು ನೋಡಬೇಕಾದುದು ದ್ರವದ ಮಟ್ಟ, ಕೊಳವೆಯಲ್ಲಿ ಸೇರಿದ ಗಾಳಿ, ಸಿಲಿಂಡರುಗಳ ಸೋರಿಕೆ ಮತ್ತು ಜಗ್ಗಿದ ಕೇಬಲ್. ಹಲವು ವಾಹನಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ದ್ರವದ ಡಬ್ಬಿ ಇರುವುದರಿಂದ ಅದರ ಮಟ್ಟ ಇಳಿದಿದ್ದರೆ ಅದನ್ನು ಸುರಕ್ಷತೆಯ ಪ್ರಶ್ನೆಯೆಂದೇ ಪರಿಗಣಿಸಬೇಕು.

ಮೂರನೆಯದು, ಸದ್ದು. ಪೆಡಲ್ ತುಳಿದಾಗ ಸದ್ದು ಬಂದರೆ ಸಾಮಾನ್ಯವಾಗಿ ರಿಲೀಸ್ ಬೇರಿಂಗಿನ ಮೇಲೆ ಸಂಶಯಪಡಬೇಕು. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಸದ್ದಿದ್ದು, ತುಳಿದಾಗ ನಿಂತರೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗಿನ ಕಡೆ ನೋಡಬೇಕು.

ನಾಲ್ಕನೆಯದು, ವಾಹನ ಹೊರಡುವಾಗ ನಡುಗುವುದು. ಆಯಿಲ್ ತಗಲಿದ ಪ್ಲೇಟ್ ಅಥವಾ ಕಾವಿನಿಂದ ಹದಗೆಟ್ಟ ಫ್ಲೈವೀಲ್ ಇದಕ್ಕೆ ಕಾರಣವಾಗಬಹುದು. ಎಂಜಿನ್ ಅಥವಾ ಗೇರ್ ಬಾಕ್ಸಿನ ಸವೆದ ಮೌಂಟಿಂಗ್ ರಬ್ಬರುಗಳಿಂದಲೂ ಇದೇ ಲಕ್ಷಣ ತೋರುತ್ತದೆ.

"ಪಿಕಪ್ ಇಲ್ಲ" ಎಂಬ ದೂರು ಇನ್ನೂ ಹೆಚ್ಚು ದಾರಿ ತಪ್ಪಿಸುವಂಥದು. ಕಟ್ಟಿಕೊಂಡ ಏರ್ ಫಿಲ್ಟರ್ ಅಥವಾ ಡೀಸೆಲ್ ಫಿಲ್ಟರ್, ಟರ್ಬೊ ಕೊಳವೆಯ ಸೋರಿಕೆ, ಬಿಡದೆ ಹಿಡಿದುಕೊಂಡ ಬ್ರೇಕ್, ಇವು ಯಾವುವೂ ಕ್ಲಚ್ಚಿಗೆ ಸಂಬಂಧಿಸಿದವಲ್ಲ. ವ್ಯತ್ಯಾಸ ತಿಳಿಯಲು ಒಂದು ಸರಳ ಗುರುತಿದೆ: ಕ್ಲಚ್ ಜಾರಿದರೆ ಎಂಜಿನ್ನಿನ ಸುತ್ತು ವೇಗವನ್ನು ಮೀರಿ ಏರುತ್ತದೆ, ಎಂಜಿನ್ನೇ ಬಲಹೀನವಾಗಿದ್ದರೆ ಸುತ್ತೂ ಏರುವುದಿಲ್ಲ, ವೇಗವೂ ಏರುವುದಿಲ್ಲ. ಬ್ರೇಕ್ ಹಿಡಿದಿದ್ದರೆ ಸ್ವಲ್ಪ ದೂರ ಓಡಿಸಿದ ಮೇಲೆ ಆ ಚಕ್ರದ ಮಧ್ಯಭಾಗ ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿರುತ್ತದೆ.

ಗೇರ್ ಬಾಕ್ಸ್ ಇಳಿಸುವ ಮುನ್ನ

ಮಾಲೀಕರ ಎದುರಿನಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದುಂಟು. ಸಮತಟ್ಟಾದ ಬಯಲಿನಲ್ಲಿ ಚಕ್ರಗಳಿಗೆ ಅಡ್ಡಕಟ್ಟೆ ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಮುಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮೂರನೆಯ ಅಥವಾ ಅದಕ್ಕೂ ಮೇಲಿನ ಗೇರಿನಲ್ಲಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಪೆಡಲನ್ನು ನಿಧಾನವಾಗಿ ಬಿಡಬೇಕು. ಕ್ಲಚ್ ಚೆನ್ನಾಗಿದ್ದರೆ ಎಂಜಿನ್ ನಿಂತುಹೋಗುತ್ತದೆ. ನಿಲ್ಲದೆ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಈ ಪರೀಕ್ಷೆಯನ್ನು ಪದೇ ಪದೇ ಮಾಡುವುದು ಸಲ್ಲದು, ಏಕೆಂದರೆ ಪ್ರತಿ ಬಾರಿಯೂ ಪ್ಲೇಟ್ ಕಾಯುತ್ತದೆ. ಅನಂತರ ದ್ರವದ ಮಟ್ಟ, ಪೆಡಲಿನ ಸಡಿಲಿಕೆ, ಎಂಜಿನ್ ಗೇರ್ ಬಾಕ್ಸ್ ಕೂಡುವ ಜಾಗದ ಕೆಳಗೆ ಆಯಿಲ್ ಜಿನುಗು, ಇವನ್ನು ನೋಡಲು ಹೆಚ್ಚು ಹೊತ್ತು ಬೇಕಾಗದು.

ಗೇರ್ ಬಾಕ್ಸ್ ಇಳಿಸಿದ ಮೇಲೆ ಅಳತೆಗೇ ಪ್ರಾಧಾನ್ಯ. ತನ್ನ ಕಾರ್ಖಾನೆಯಲ್ಲಿ ವರ್ನಿಯರ್ ಹಿಡಿಯದೆ ಒಂದು ಬಿಡಿಭಾಗವನ್ನೂ ತಿರಸ್ಕರಿಸದ ಉದ್ಯಮಿ, ಗ್ಯಾರೇಜಿನಲ್ಲಿ ಮಾತ್ರ ಬಾಯಿಮಾತಿಗೆ ಒಪ್ಪಿಬಿಡುವುದು ಸೋಜಿಗ. ಪ್ಲೇಟಿನ ಲೈನಿಂಗಿನ ಮೇಲ್ಮೈಯಿಂದ ರಿವೆಟ್ಟಿನ ತಲೆ ಎಷ್ಟು ಆಳದಲ್ಲಿದೆ ಎಂಬುದರಿಂದ ಸವೆತವನ್ನು ಅಳೆಯುತ್ತಾರೆ. ಅದರ ಕನಿಷ್ಠ ಮಿತಿ ತಯಾರಕರ ದುರಸ್ತಿ ಕೈಪಿಡಿಯಲ್ಲಿರುತ್ತದೆ. ಫ್ಲೈವೀಲ್‌ನ ಮೇಲೆ ನೀಲಿ ಕಲೆ, ಬಿರುಕುಗಳಿವೆಯೇ ಎಂದು ನೋಡಬೇಕು. ಎಂಜಿನ್ನಿನ ಹಿಂಬದಿಯ ಹಾಗೂ ಗೇರ್ ಬಾಕ್ಸಿನ ಮುಂಬದಿಯ ಆಯಿಲ್ ಸೀಲುಗಳನ್ನು ಪರಿಶೀಲಿಸಬೇಕು. ಪ್ಲೇಟ್ ನಿಜವಾಗಿ ಸವೆದಿದ್ದರೆ ಪ್ರೆಶರ್ ಪ್ಲೇಟನ್ನೂ ರಿಲೀಸ್ ಬೇರಿಂಗನ್ನೂ ಜೊತೆಯಲ್ಲಿಯೇ ಬದಲಾಯಿಸಲು ಮೆಕ್ಯಾನಿಕ್ ಹೇಳಿದರೆ ಅದನ್ನು ಮೋಸವೆಂದು ಭಾವಿಸಬೇಕಾಗಿಲ್ಲ. ಇನ್ನೊಮ್ಮೆ ಗೇರ್ ಬಾಕ್ಸ್ ಇಳಿಸುವ ಕೂಲಿ ಅದರಿಂದ ಉಳಿಯುತ್ತದೆ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿರುವುದರಿಂದ ಒಳಗಿನ ಧೂಳನ್ನು ಗಾಳಿಯಿಂದ ಊದಿ ತೆಗೆಯಬಾರದು.

ತಪ್ಪು ಮೆಕ್ಯಾನಿಕ್ಕನದೊಂದೇ ಅಲ್ಲ

ತಪ್ಪು ತೀರ್ಮಾನಗಳೆಲ್ಲವೂ ದುರುದ್ದೇಶದಿಂದ ಹುಟ್ಟುವುದಿಲ್ಲ. ಮಾಲೀಕರು ಬಾರದೆ ವಾಹನವನ್ನಷ್ಟೇ ಕಳುಹಿಸಿ, "ಸಂಜೆಯೊಳಗೆ ಬೇಕೇ ಬೇಕು" ಎಂದು ಫೋನು ಮಾಡಿದರೆ ಪರೀಕ್ಷೆಗೆ ಸಮಯವಾದರೂ ಎಲ್ಲಿ? ತೊಂದರೆ ಯಾವ ಗೇರಿನಲ್ಲಿ, ಎಷ್ಟು ಭಾರದಲ್ಲಿ, ಏರಿನಲ್ಲೋ ಸಮತಟ್ಟಿನಲ್ಲೋ, ತಣ್ಣಗಿರುವಾಗಲೋ ಕಾದ ಮೇಲೋ ಎಂಬುದು ಚಾಲಕನಿಗೆ ತಿಳಿದಿರುತ್ತದೆ. ಆದರೆ ಅವನನ್ನು ಕೇಳುವವರು ಕಡಿಮೆ. ಮಿತಿಮೀರಿದ ಭಾರ ಹೇರಿ ಘಟ್ಟ ಹತ್ತಿಸುವುದೂ ಕ್ಲಚ್ಚಿನ ಆಯುಸ್ಸನ್ನು ಕಡಿಮೆ ಮಾಡುತ್ತದೆ; ಆ ಭಾರವನ್ನು ನಿರ್ಧರಿಸುವವನು ಚಾಲಕನಲ್ಲ. ವಿವರಣೆ ನೀಡಲು ಅವಕಾಶ ಕೊಡದೆ ನಷ್ಟವನ್ನು ಕೆಲಸಗಾರನ ಸಂಬಳದಲ್ಲಿ ಮುರಿದುಕೊಳ್ಳುವುದು ನ್ಯಾಯಕ್ಕೂ ಕಾನೂನಿಗೂ ಒಪ್ಪುವಂಥದಲ್ಲ.

ಬಿಲ್ಲು, ತೆರಿಗೆ ಮತ್ತು ಕಾನೂನು

ಕೆಲಸ ಆರಂಭಿಸುವ ಮುನ್ನ ದೂರು ಮತ್ತು ಅಂದಾಜು ವೆಚ್ಚವನ್ನು ಬರವಣಿಗೆಯಲ್ಲಿ ಪಡೆಯಬೇಕು. ಅಂದಾಜು ಮೀರುವ ಕೆಲಸಕ್ಕೆ ಮೊದಲೇ ಒಪ್ಪಿಗೆ ಪಡೆಯಬೇಕೆಂದು ಅದರಲ್ಲಿ ನಮೂದಿಸಬೇಕು. ತೆಗೆದ ಹಳೆಯ ಭಾಗಗಳನ್ನು ಹಿಂದಿರುಗಿಸುವಂತೆ ಮೊದಲೇ ಹೇಳಿರಬೇಕು. ಬಿಲ್ಲಿನಲ್ಲಿ ಬಿಡಿಭಾಗದ ಸಂಖ್ಯೆ, ಕೂಲಿ ಮತ್ತು ತೆರಿಗೆ ಬೇರೆ ಬೇರೆಯಾಗಿರಬೇಕು. ಜಿಎಸ್‌ಟಿ ನೋಂದಣಿ ಇರುವ ಉದ್ಯಮಿಗಳು ತೆರಿಗೆ ಬಿಲ್ಲನ್ನು ಬಿಡಬಾರದು: ತೆರಿಗೆಗೊಳಪಡುವ ವ್ಯವಹಾರಕ್ಕೆ ಬಳಸುವ ಸರಕು ಸಾಗಣೆ ವಾಹನದ ದುರಸ್ತಿಯ ಮೇಲೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ರಾಜಿ ಯೋಜನೆಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ತೆರಿಗೆ ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದನ್ನೂ ಬಿಲ್ಲಿನಲ್ಲಿ ಪರಿಶೀಲಿಸಬೇಕು. ಸಾಮಾನ್ಯ ವಾಹನ ವಿಮೆ ಸವೆತವನ್ನೂ ಯಾಂತ್ರಿಕ ವೈಫಲ್ಯವನ್ನೂ ಭರಿಸುವುದಿಲ್ಲ ಎಂಬುದು ನೆನಪಿನಲ್ಲಿರಲಿ.

ವಿವಾದ ಉಂಟಾದಾಗ ಗ್ರಾಹಕ ಆಯೋಗವೇ ಗತಿಯೆಂದು ಅನೇಕರು ನಂಬಿದ್ದಾರೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ವಾಣಿಜ್ಯ ಉದ್ದೇಶಕ್ಕಾಗಿ ಸೇವೆ ಪಡೆದವರನ್ನು ಗ್ರಾಹಕರೆಂದು ಪರಿಗಣಿಸುವುದಿಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿಯೇ ಬಳಸುವವರಿಗೆ ಕಾಯಿದೆಯ ವಿವರಣೆಯಲ್ಲಿ ರಿಯಾಯಿತಿಯ ದಾರಿಯಿದೆ. ಸ್ವಂತ ಗೂಡ್ಸ್ ವಾಹನವನ್ನು ತಾನೇ ಓಡಿಸಿ ಬದುಕುವವನು ಈ ನೆಲೆಯಲ್ಲಿ ವಾದಿಸಬಹುದು. ಹಲವು ವಾಹನಗಳಿರುವ ಕಾರ್ಖಾನೆಗೆ ಅದು ಕಷ್ಟ. ಅರ್ಹರು 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಉಳಿದವರಿಗೆ ಸಿವಿಲ್ ನ್ಯಾಯಾಲಯದ ದಾರಿಯೇ ಉಳಿಯುವುದರಿಂದ, ಲಿಖಿತ ಅಂದಾಜು ಮತ್ತು ಹಳೆಯ ಭಾಗಗಳೇ ಅವರ ನಿಜವಾದ ರಕ್ಷಣೆ.

ಪ್ರತಿಯೊಂದು ವಾಹನಕ್ಕೂ ಒಂದು ದುರಸ್ತಿ ಪುಸ್ತಕವನ್ನಿಟ್ಟು, ದಿನಾಂಕ, ಓಡಿದ ಕಿಲೋಮೀಟರು, ದೂರು, ಕಂಡ ಕಾರಣ, ಬದಲಾಯಿಸಿದ ಭಾಗ ಇವಿಷ್ಟನ್ನು ಬರೆಯುವ ಪದ್ಧತಿಯನ್ನು ಉದ್ಯಮಿಗಳು ರೂಢಿಸಿಕೊಳ್ಳುವುದು ಒಳಿತು. ಒಂದೇ ವಾಹನದಲ್ಲಿ ಒಂದೇ ಭಾಗ ಮತ್ತೆ ಮತ್ತೆ ಕೆಡುತ್ತಿದ್ದರೆ ಆ ಪುಟವೇ ಅದನ್ನು ತೋರಿಸುತ್ತದೆ. ಒಳ್ಳೆಯ ಮೆಕ್ಯಾನಿಕ್ ಅಂಥ ಪುಸ್ತಕವನ್ನು ಕಂಡು ಸಂತೋಷಪಡುತ್ತಾನೆ, ಏಕೆಂದರೆ ಅವನ ಅರ್ಧ ಕೆಲಸ ಅಲ್ಲಿಯೇ ಮುಗಿದಿರುತ್ತದೆ. ಮುಂದಿನ ಬಾರಿ ವಾಹನ ಗ್ಯಾರೇಜಿಗೆ ಹೋಗುವಾಗ ಆ ಪುಸ್ತಕವನ್ನೂ ಚಾಲಕನನ್ನೂ ಜೊತೆಗೆ ಕಳುಹಿಸಿ, ಇಬ್ಬರ ಮಾತನ್ನೂ ಮೆಕ್ಯಾನಿಕ್ ಕೇಳಿದ ಮೇಲೆಯೇ ಗೇರ್ ಬಾಕ್ಸಿಗೆ ಕೈ ಹಾಕಲು ಹೇಳಬೇಕು.