ಗಾಳಿಯ ಅಳಿವೆ

ಕೋಟೇಶ್ವರದ ಪಡುವಣಕ್ಕೆ ಕೋಡಿಯ ಕಡಲತೀರವಿದೆ. ಅದರ ಬಡಗಣ ತುದಿಯಲ್ಲಿ ಗಂಗೊಳ್ಳಿಯ ಅಳಿವೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಅಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತವೆ. ಅಳಿವೆಯ ಬಾಯಿಯಲ್ಲಿ ಮರಳು ತುಂಬಿದರೆ ಮಳೆಗಾಲದ ನೀರು ಹಿಂದಕ್ಕೆ ಒತ್ತರಿಸಿ ಗದ್ದೆಗಳಲ್ಲಿ ನಿಲ್ಲುವುದು. ಹೊರದಾರಿ ಇಕ್ಕಟ್ಟಾದರೆ ಹರಿವು ಕುಂಠಿತವಾಗುವುದೆಂಬ ಈ ಸಂಗತಿ ಚಿಕ್ಕ ವಿಮಾನದ ಎಂಜಿನಿಗೂ ಅನ್ವಯಿಸುತ್ತದೆ.

ಹವ್ಯಾಸಿಗಳು ನಕ್ಷೆಗಳನ್ನು ಕೊಂಡು ತಮ್ಮ ಮನೆಗಳಲ್ಲಿಯೇ ವಿಮಾನ ಕಟ್ಟುವ ರೂಢಿ ಅಮೆರಿಕದಲ್ಲಿ ಬಹುಕಾಲದಿಂದ ಇದೆ. ಬರ್ಟ್ ರುಟಾನರು ರೂಪಿಸಿದ 'ಲಾಂಗ್-ಈಝೀ' ಅಂಥ ವಿಮಾನಗಳಲ್ಲೊಂದು. ಅದರ ವಿನ್ಯಾಸವನ್ನು ಆಧರಿಸಿ ಬೆಂಗಳೂರಿನ ಅಂದಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಒಂದು ಹಗುರ ಸಂಶೋಧನಾ ವಿಮಾನವನ್ನು ನಿರ್ಮಿಸಿ, 1987ರಲ್ಲಿ ಹಾರಿಸಿತು.

ಎಂಜಿನಿನಲ್ಲಿ ಉರಿದ ಪೆಟ್ರೋಲಿನ ಶಾಖದಲ್ಲಿ ಸುಮಾರು ಕಾಲುಭಾಗ ಮಾತ್ರ ಪ್ರೊಪೆಲರನ್ನು ತಿರುಗಿಸುವ ಶಕ್ತಿಯಾಗುತ್ತದೆ. ಉಳಿದುದರಲ್ಲಿ ಬಹುಪಾಲು ಹೊಗೆಯೊಡನೆ ಹೊರಬೀಳುತ್ತದೆ; ಮಿಕ್ಕುದು ಸಿಲಿಂಡರಿನ ಗೋಡೆಗಳನ್ನು ಕಾಯಿಸುತ್ತದೆ. ಈ ಶಾಖವನ್ನು ಗಾಳಿಗೆ ಒಪ್ಪಿಸಲೆಂದು ಸಿಲಿಂಡರಿನ ಸುತ್ತ ತೆಳುವಾದ ಲೋಹದ ರೆಕ್ಕೆಗಳಿರುತ್ತವೆ. ಎಂಜಿನನ್ನು ಮುಚ್ಚಿದ ಕವಚದೊಳಗೆ ಬಂದ ಗಾಳಿಗೆ ಸುಲಭವಾದ ಅಡ್ಡದಾರಿ ಸಿಕ್ಕಿದರೆ ಅದು ರೆಕ್ಕೆಗಳನ್ನು ಮುಟ್ಟದೆ ಹೋಗಿಬಿಡುವುದು. ಆದುದರಿಂದ ಅಲ್ಯೂಮಿನಿಯಂ ತಗಡುಗಳಿಂದ ಸಂದುಗಳನ್ನು ಮುಚ್ಚಿ, ಗಾಳಿಯನ್ನು ರೆಕ್ಕೆಗಳ ನಡುವೆಯೇ ನಡೆಸುತ್ತಾರೆ.

ಎಂಜಿನು ಅತಿಯಾಗಿ ಕಾದಾಗ ಅನನುಭವಿಯು ಮೊದಲು ಒಳದ್ವಾರವನ್ನು ಹಿಗ್ಗಿಸುತ್ತಾನೆ. ಆದರೆ ದೋಷ ಹಲವು ವೇಳೆ ಹೊರದ್ವಾರದಲ್ಲಿರುತ್ತದೆ. ಗಾಳಿ ಹರಿಯುವುದು ಹೆಚ್ಚು ಒತ್ತಡದಿಂದ ಕಡಿಮೆ ಒತ್ತಡದ ಕಡೆಗೆ. ಹೊರದ್ವಾರ ಕಿರಿದಾಗಿದ್ದರೆ ಒಳಗಿನ ಒತ್ತಡವೇರಿ, ಬರಬೇಕಾದ ಗಾಳಿ ಬಾಗಿಲಲ್ಲಿಯೇ ಚೆಲ್ಲಿಹೋಗುವುದು. ಮೇಲಾಗಿ ಕಾದ ಗಾಳಿ ಹಿಗ್ಗುವುದರಿಂದ ಹೊರದ್ವಾರವು ಸಾಮಾನ್ಯವಾಗಿ ಒಳದ್ವಾರಕ್ಕಿಂತ ದೊಡ್ಡದಾಗಿರಬೇಕು. ಹೊರಗಿನ ಒತ್ತಡ ಕಡಿಮೆಯಿರುವ ಜಾಗದಲ್ಲಿ ಅದನ್ನು ಇಟ್ಟರೆ ಗಾಳಿ ತಾನಾಗಿ ಸೆಳೆಯಲ್ಪಡುವುದು. ಹಾಗೆಂದು ಮಿತಿಮೀರಿ ಹಿಗ್ಗಿಸಿದರೆ ಗಾಳಿಯ ಎಳೆತ ಹೆಚ್ಚಿ ವೇಗ ಕುಂದುವುದು. ಕೆಲವು ವಿಮಾನಗಳಲ್ಲಿ ಮೇಲೇರುವಾಗ ತೆರೆದು, ಸಮತಟ್ಟಾಗಿ ಹಾರುವಾಗ ಮುಚ್ಚುವ ಕದಗಳಿರುವುದು ಇದಕ್ಕಾಗಿಯೇ. ಏರುವಾಗ ಎಂಜಿನಿನ ದುಡಿಮೆ ಹೆಚ್ಚು, ವಿಮಾನದ ವೇಗ ಕಡಿಮೆ. ಅಪಾಯವೂ ಆಗಲೇ ಹೆಚ್ಚು.

ಲಾಂಗ್-ಈಝೀಯ ಎಂಜಿನು ಮತ್ತು ಪ್ರೊಪೆಲರುಗಳು ಹಿಂಬದಿಯಲ್ಲಿವೆ. ಆದುದರಿಂದ ಪ್ರೊಪೆಲರಿನ ಗಾಳಿ ನೇರವಾಗಿ ಒಳದ್ವಾರಕ್ಕೆ ಬೀಸದು. ಹೊಟ್ಟೆಯಡಿಯ ದ್ವಾರದಿಂದ ಬಂದ ಗಾಳಿ ಸಿಲಿಂಡರುಗಳ ನಡುವೆ ಮೇಲೇರಿ ಹಿಂದೆ ಹೊರಬೀಳಬೇಕು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಅಲ್ಲಿನ ಗಾಳಿ ಕೋಟೇಶ್ವರದ ಗಾಳಿಗಿಂತ ತೆಳು. ತೆಳುವಾದ ಗಾಳಿ ಹೊತ್ತೊಯ್ಯುವ ಶಾಖವೂ ಕಡಿಮೆ.

ಹೊಗೆಕೊಳವೆಯ ವಿಷಯದಲ್ಲಿ ಎಚ್ಚರಿಕೆ ಇನ್ನೂ ಅಗತ್ಯ. ಅದನ್ನು ಅಗಲವಾದ ಕೊಳವೆಯೊಳಗೆ ಸರಿಯಾಗಿ ಅಳವಡಿಸಿದರೆ, ವೇಗವಾಗಿ ನುಗ್ಗುವ ಹೊಗೆಯು ಕವಚದೊಳಗಿನ ಗಾಳಿಯನ್ನೂ ಸೆಳೆದೊಯ್ಯುವುದು. ಆದರೆ ಅದು ಬಿರುಕು ಬಿಟ್ಟರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವು ಚಾಲಕನ ಕೋಣೆಯನ್ನು ಸೇರಬಹುದು. ಅದನ್ನು ಉಸಿರಾಡಿದ ಚಾಲಕನು ಅಪಾಯವನ್ನು ಅರಿಯುವ ಮೊದಲೇ ಎಚ್ಚರ ತಪ್ಪಬಹುದು. ಕಣ್ಣಿಗೆ ಕಾಣದ ಗಾಳಿಗೂ ಅನಿಲಕ್ಕೂ ತಕ್ಕ ಹೊರದಾರಿಯನ್ನು ಕಲ್ಪಿಸುವುದು ವಿಮಾನ ಕಟ್ಟುವವನ ಮೊದಲ ಹೊಣೆಗಳಲ್ಲೊಂದು.