ಅಳತೆ ಬದಲಿಸುವ ಮುನ್ನ

ಹೊಲಿಸಿದ ರವಿಕೆ ಬಿಗಿಯಾಯಿತೆಂದರೆ ದರ್ಜಿಯ ಬಳಿ ಒಯ್ದು ಒಂದು ಹೊಲಿಗೆ ಬಿಚ್ಚಿಸಿದರಾಯಿತು. ಒಳಗೆ ಬಟ್ಟೆ ಬಿಟ್ಟಿರುತ್ತಾನೆ. ಬಳೆ ಸಡಿಲವಾದರೆ ಬಳೆಗಾರ ಒಂದು ಅಳತೆ ಕಡಿಮೆಯದನ್ನು ತೊಡಿಸುತ್ತಾನೆ. ಆದರೆ ಶಸ್ತ್ರಚಿಕಿತ್ಸೆಯ ಮೂಲಕ ದೇಹದೊಳಗೆ ಕೂರಿಸಿದ ವಸ್ತುವಿನ ಅಳತೆ ಸರಿಬೀಳದಿದ್ದರೆ ಏನು ಮಾಡುವುದು? ಸ್ತನವರ್ಧನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅನೇಕ ಮಹಿಳೆಯರನ್ನು ಕಾಡುವ ಪ್ರಶ್ನೆ ಇದು. ಕೆಲವರಿಗೆ ‘ಇನ್ನೂ ಸ್ವಲ್ಪ ದೊಡ್ಡದಿರಬೇಕಿತ್ತು’ ಎನಿಸುತ್ತದೆ, ಕೆಲವರಿಗೆ ‘ಇಷ್ಟು ಭಾರ ಬೇಕಿರಲಿಲ್ಲ’ ಎನಿಸುತ್ತದೆ. ನಮ್ಮ ಸಮಾಜದಲ್ಲಿ ಇದನ್ನು ಬಾಯಿಬಿಟ್ಟು ಕೇಳುವುದೇ ಕಷ್ಟ. ಕೇಳದೆ ಉಳಿದ ಪ್ರಶ್ನೆಗೆ ಉತ್ತರ ಹೇಳುವವರು ಜಾಹೀರಾತಿನವರು ಮಾತ್ರ. ಆದ್ದರಿಂದ ಈ ವಿಷಯದ ವಿಜ್ಞಾನವನ್ನು ಸಂಕೋಚವಿಲ್ಲದೆ ತಿಳಿದುಕೊಳ್ಳುವುದು ಒಳ್ಳೆಯದು.

ಚೀಲದೊಳಗೆ ಏನಿದೆ?

ಸ್ತನದ ಗಾತ್ರವನ್ನು ಸರಿಪಡಿಸುವ ಪ್ರಯತ್ನ ಹಳೆಯದು. 1895ರಲ್ಲಿ ಜರ್ಮನಿಯ ವೈದ್ಯ ವಿನ್ಸೆನ್ಸ್ ಚೆರ್ನಿ, ಗಡ್ಡೆ ತೆಗೆದ ನಂತರ ಒಂದು ಸ್ತನ ಚಿಕ್ಕದಾಗಬಾರದೆಂದು, ಅದೇ ಮಹಿಳೆಯ ದೇಹದ ಬೇರೆಡೆ ಬೆಳೆದಿದ್ದ ಕೊಬ್ಬಿನ ಗಂಟನ್ನು ತೆಗೆದು ಅಲ್ಲಿ ಕೂರಿಸಿದರು. ಇಂದಿನ ಬಗೆಯ ಇಂಪ್ಲಾಂಟ್ ಬಂದದ್ದು 1962ರಲ್ಲಿ. ಅಮೆರಿಕದ ಹ್ಯೂಸ್ಟನ್ ನಗರದ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಜೆರೋ ಎಂಬ ವೈದ್ಯರು ಟಿಮ್ಮಿ ಜೀನ್ ಲಿಂಡ್ಸೆ ಎಂಬ ಆರು ಮಕ್ಕಳ ತಾಯಿಗೆ ಅದನ್ನು ಮೊದಲ ಬಾರಿಗೆ ಅಳವಡಿಸಿದರು. ಆಕೆ ಆಸ್ಪತ್ರೆಗೆ ಹೋಗಿದ್ದು ಎದೆಯ ಮೇಲಿನ ಹಚ್ಚೆ ತೆಗೆಸಲು. ರಕ್ತ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಕೈಯಲ್ಲಿ ಒತ್ತಿ ನೋಡಿದಾಗ ಜೆರೋ ಅವರಿಗೆ ಈ ಯೋಚನೆ ಹೊಳೆಯಿತು ಎಂದು ಹೇಳುತ್ತಾರೆ.

ಇಂಪ್ಲಾಂಟ್ ಎಂದರೆ ಸಿಲಿಕೋನ್ ರಬ್ಬರಿನ ಚೀಲ. ಅದರೊಳಗೆ ಸಿಲಿಕೋನ್ ಜೆಲ್ ಅಥವಾ ಶುದ್ಧ ಉಪ್ಪುನೀರು ಇರುತ್ತದೆ. ಸಿಲಿಕಾನ್ ಬೇರೆ, ಸಿಲಿಕೋನ್ ಬೇರೆ. ಸಿಲಿಕಾನ್ ಎಂಬುದು ಮರಳಿನಲ್ಲಿ ಆಮ್ಲಜನಕದೊಂದಿಗೆ ಸೇರಿಕೊಂಡಿರುವ ಮೂಲವಸ್ತು. ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದಾದ ಮೇಲೊಂದು ಸರಪಳಿಯಾಗಿ, ಅದಕ್ಕೆ ಇಂಗಾಲ ಮತ್ತು ಜಲಜನಕದ ಗುಂಪುಗಳು ಅಂಟಿಕೊಂಡಾಗ ಆಗುವ ಮೆತ್ತನೆಯ ವಸ್ತುವೇ ಸಿಲಿಕೋನ್.

ಘನದ ಲೆಕ್ಕ

ಇಂಪ್ಲಾಂಟಿನ ಅಳತೆಯನ್ನು ಹೇಳುವುದು ಸಿಸಿಯಲ್ಲಿ, ಅಂದರೆ ಘನ ಸೆಂಟಿಮೀಟರಿನಲ್ಲಿ. ಒಂದು ಸಿಸಿ ಎಂದರೆ ಒಂದು ಮಿಲಿಲೀಟರ್. ಜೆಲ್‌ನ ಸಾಂದ್ರತೆ ನೀರಿನ ಸಾಂದ್ರತೆಗೆ ಬಹಳ ಹತ್ತಿರ. ಹಾಗಾಗಿ 300 ಸಿಸಿಯ ಚೀಲ ಸುಮಾರು 300 ಗ್ರಾಂ ತೂಗುತ್ತದೆ. ಎರಡೂ ಸೇರಿದರೆ 600 ಗ್ರಾಂ. ಅರ್ಧ ಲೀಟರಿನ ನಂದಿನಿ ಹಾಲಿನ ಪ್ಯಾಕೆಟ್‌ಗಿಂತ ಸ್ವಲ್ಪ ಹೆಚ್ಚಿನ ಈ ಭಾರವನ್ನು ಚರ್ಮ, ಸ್ನಾಯು, ಬೆನ್ನು ಹಗಲಿಡೀ ಹೊರಬೇಕು.

ಇಲ್ಲಿ ಬಹಳ ಜನ ಎಡವುವುದು ಘನಫಲದ ಲೆಕ್ಕದಲ್ಲಿ. ಕಣ್ಣು ನೋಡುವುದು ಉದ್ದ ಮತ್ತು ಅಗಲವನ್ನು. ಸಿಸಿ ಹೇಳುವುದು ಘನಫಲವನ್ನು. ಶಾಲೆಯಲ್ಲಿ ಕಲಿತ ಅರ್ಧಗೋಳದ ಸೂತ್ರವನ್ನು ನೆನಪಿಸಿಕೊಳ್ಳೋಣ. ತ್ರಿಜ್ಯ 5 ಸೆಂಟಿಮೀಟರ್ ಇದ್ದರೆ ಅರ್ಧಗೋಳದ ಘನಫಲ ಸುಮಾರು 262 ಸಿಸಿ. ತ್ರಿಜ್ಯ 5.5 ಆದರೆ 348 ಸಿಸಿ, 6 ಆದರೆ 452 ಸಿಸಿ. ಅರ್ಧ ಸೆಂಟಿಮೀಟರ್ ಬೆಳೆಯುವಷ್ಟರಲ್ಲಿ ಭಾರ 86 ಗ್ರಾಂ ಏರುತ್ತದೆ.

ಇದನ್ನೇ ತಿರುಗಿಸಿ ನೋಡಿದರೆ ಇನ್ನೂ ಮುಖ್ಯವಾದ ಸಂಗತಿ ಗೋಚರಿಸುತ್ತದೆ. 300 ಸಿಸಿಯ ಬದಲು 330 ಸಿಸಿ ಹಾಕಿಸಿದರೆ ಅರ್ಧಗೋಳದ ತ್ರಿಜ್ಯ ಹೆಚ್ಚುವುದು ಎರಡು ಮಿಲಿಮೀಟರಿಗಿಂತಲೂ ಕಡಿಮೆ! ನಿಜವಾದ ಇಂಪ್ಲಾಂಟ್ ಪೂರ್ತಿ ಅರ್ಧಗೋಳವಲ್ಲ. ಅದೇ ಸಿಸಿಯಲ್ಲಿ ಅಗಲವಾಗಿ ಚಪ್ಪಟೆಯಾದವೂ, ಕಿರಿದಾಗಿ ಎತ್ತರವಾದವೂ ಸಿಗುತ್ತವೆ. ಆದರೂ ಈ ಲೆಕ್ಕದ ಸಾರ ಬದಲಾಗದು. ಮೂವತ್ತು ಸಿಸಿಯ ಆಸೆಗಾಗಿ ಎರಡನೇ ಬಾರಿ ಅರಿವಳಿಕೆ, ಎರಡನೇ ಬಾರಿ ಗಾಯ, ಎರಡನೇ ಬಾರಿ ಸೋಂಕಿನ ಅಪಾಯ ಎದುರಿಸಿದರೆ ಕನ್ನಡಿಯಲ್ಲಿ ಕಾಣುವ ವ್ಯತ್ಯಾಸ ಉಗುರಿನ ಅಂಚಿನಷ್ಟು ಮಾತ್ರ.

ಬದಲಿಸುವುದೇಕೆ?

ಕಾರಣಗಳು ಹಲವು. ಮೊದಲನೆಯದು ಅವಸರ. ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರ ಊತವಿರುತ್ತದೆ. ಇಂಪ್ಲಾಂಟ್ ಮೇಲಕ್ಕೆ ಸರಿದು ಬಿಗಿಯಾಗಿ ಕಾಣುತ್ತದೆ. ಊತ ಇಳಿದು, ಚರ್ಮ ಸಡಿಲವಾಗಿ, ಅದು ತನ್ನ ಸ್ಥಾನದಲ್ಲಿ ಕೂರಲು ತಿಂಗಳುಗಳೇ ಬೇಕು. ಮೊದಲ ತಿಂಗಳು ದೊಡ್ಡದೆನಿಸಿದ್ದು ಆರನೆಯ ತಿಂಗಳಿಗೆ ಚಿಕ್ಕದೆನಿಸಬಹುದು. ಆದ್ದರಿಂದಲೇ ಸೋಂಕು, ರಕ್ತಸ್ರಾವದಂಥ ತುರ್ತು ಕಾರಣವಿಲ್ಲದಿದ್ದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಕಾಯುವಂತೆ ಶಸ್ತ್ರವೈದ್ಯರು ಸೂಚಿಸುತ್ತಾರೆ.

ಎರಡನೆಯದು ಕಾಲಧರ್ಮ. ಬಸಿರು, ಬಾಣಂತನ, ಮೈ ತೂಕದ ಏರಿಳಿತ, ಮುಟ್ಟು ನಿಲ್ಲುವಿಕೆ ಇವೆಲ್ಲ ಸ್ತನದ ಸಹಜ ಅಂಗಾಂಶವನ್ನು ಬದಲಿಸುತ್ತವೆ, ಇಂಪ್ಲಾಂಟ್ ಮಾತ್ರ ಹಾಗೆಯೇ ಉಳಿಯುತ್ತದೆ. ಇಪ್ಪತ್ತೈದರಲ್ಲಿ ಒಪ್ಪುವ ಅಳತೆ ನಲವತ್ತೈದರಲ್ಲಿ ಕುತ್ತಿಗೆನೋವಿಗೆ ಕಾರಣವಾಗಬಹುದು.

ಮೂರನೆಯದು ದೇಹದ ಪ್ರತಿಕ್ರಿಯೆ. ಕಾಲಿಗೆ ಚುಚ್ಚಿ ಒಳಗೇ ಮುರಿದ ಜಾಲಿಮುಳ್ಳಿನ ಸುತ್ತ ಗಟ್ಟಿಯಾದ ಪೊರೆ ಬೆಳೆಯುವುದನ್ನು ಹಳ್ಳಿಯವರು ಬಲ್ಲರು. ಇಂಪ್ಲಾಂಟಿನ ಸುತ್ತಲೂ ದೇಹ ಹಾಗೆಯೇ ಒಂದು ಪೊರೆ ಕಟ್ಟುತ್ತದೆ. ಇದು ಎಲ್ಲರಲ್ಲೂ ಆಗುವ ಸಹಜ ಕ್ರಿಯೆ. ಕೆಲವರಲ್ಲಿ ಮಾತ್ರ ಆ ಪೊರೆ ಕುಗ್ಗುತ್ತಾ ಚೀಲವನ್ನು ಹಿಂಡತೊಡಗುತ್ತದೆ. ಆಗ ಸ್ತನ ಗಟ್ಟಿಯಾಗಿ ಆಕಾರಗೆಡುತ್ತದೆ, ನೋಯುತ್ತದೆ. ಚೀಲ ಒಡೆಯುವುದೂ ಉಂಟು. ಹೀಗಾದಾಗ ಹೇಗೂ ಬದಲಿಸಲೇಬೇಕು. ಆ ಸಂದರ್ಭದಲ್ಲಿಯೇ ಅಳತೆಯನ್ನೂ ಮರುಚಿಂತನೆ ಮಾಡುವುದು ವಿವೇಕ.

ದೊಡ್ಡದಾದರೆ, ಚಿಕ್ಕದಾದರೆ

ಬದಲಿಸುವಾಗ ಸಾಮಾನ್ಯವಾಗಿ ಹಳೆಯ ಗಾಯದ ಗುರುತಿನ ಮೇಲೆಯೇ ಕೊಯ್ದು ಹಳೆಯ ಚೀಲ ತೆಗೆಯುತ್ತಾರೆ. ದೊಡ್ಡದನ್ನು ಹಾಕಬೇಕೆಂದರೆ ಪೊರೆಯನ್ನು ಅಲ್ಲಲ್ಲಿ ಸೀಳಿ ಒಳಗಿನ ಜಾಗ ಹಿಗ್ಗಿಸಬೇಕು. ದೊಡ್ಡ ಚೀಲ ಮೇಲಿನ ಚರ್ಮವನ್ನೂ ಅಂಗಾಂಶವನ್ನೂ ತೆಳುವಾಗಿಸುತ್ತದೆ. ಅಂಚುಗಳು ಕೈಗೆ ಸಿಗಬಹುದು, ಭಾರಕ್ಕೆ ಚೀಲ ಕೆಳಗೆ ಜಾರಬಹುದು. ಎದೆಯ ಅಗಲಕ್ಕಿಂತ ಅಗಲವಾದ ಚೀಲ ಕಂಕುಳ ಕಡೆಗೆ ಸರಿಯುತ್ತದೆ.

ಚಿಕ್ಕದಾಗಿಸುವುದು ಸುಲಭವೆಂದು ತೋರಬಹುದು. ಅದೂ ಪೂರ್ತಿ ನಿಜವಲ್ಲ. ಹಿಗ್ಗಿದ ಜಾಗದಲ್ಲಿ ಸಣ್ಣ ಚೀಲ ಅಲುಗಾಡುತ್ತದೆ, ಆದ್ದರಿಂದ ಜಾಗವನ್ನು ಒಳಗಿನಿಂದ ಹೊಲಿದು ಕಿರಿದುಗೊಳಿಸಬೇಕಾಗುತ್ತದೆ. ಹಿಗ್ಗಿದ ಚರ್ಮ ಜೋತುಬಿದ್ದರೆ ಅದನ್ನು ಎತ್ತಿ ಕಟ್ಟುವ ಇನ್ನೊಂದು ಶಸ್ತ್ರಚಿಕಿತ್ಸೆಯೂ ಸೇರುತ್ತದೆ, ಹೊಸ ಗಾಯದ ಗುರುತುಗಳು ಉಳಿಯುತ್ತವೆ. ದರ್ಜಿ ರವಿಕೆಯೊಳಗೆ ಬಿಟ್ಟಂತೆ ದೇಹ ಹೆಚ್ಚುವರಿ ಬಟ್ಟೆ ಬಿಟ್ಟಿರುವುದಿಲ್ಲ.

ಶ್ರೀರಂಗಪಟ್ಟಣದ ಮೂಗು

ಹಾಗಾದರೆ ಮೊದಲ ಬಾರಿಯೇ ಅಳತೆ ಸರಿಯಾಗಿರಬೇಕು. ಈ ಪಾಠವನ್ನು ಜಗತ್ತಿಗೆ ಕಲಿಸಿದ ಒಂದು ಪ್ರಸಂಗಕ್ಕೆ ನಮ್ಮ ನಾಡಿನ ನಂಟಿದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಯಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠಾ ರೈತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಆತ ಮತ್ತೆ ಶ್ರೀರಂಗಪಟ್ಟಣದ ಬಳಿ ಸೇನೆ ಸೇರಿಕೊಂಡ. ವರ್ಷದ ನಂತರ ಪುಣೆಯ ಸಮೀಪದ ಇಟ್ಟಿಗೆ ಮಾಡುವ ಜಾತಿಯ ವೈದ್ಯನೊಬ್ಬ ಅವನಿಗೆ ಹೊಸ ಮೂಗು ಮಾಡಿಕೊಟ್ಟ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಇದರ ವರದಿಯನ್ನು ಪ್ರಕಟಿಸಿತು. ಪಾಶ್ಚಾತ್ಯ ಪ್ಲಾಸ್ಟಿಕ್ ಸರ್ಜರಿಗೆ ಹೊಸ ದಾರಿ ತೋರಿದ ವರದಿ ಅದು.

ಆ ವೈದ್ಯ ಕತ್ತಿ ಹಿಡಿಯುವ ಮೊದಲು ತೆಳುವಾದ ಮೇಣದ ತುಂಡನ್ನು ಮೂಗಿನ ಜಾಗದಲ್ಲಿಟ್ಟು ಮೂಗಿನ ಆಕಾರಕ್ಕೆ ತಂದ. ಆ ಮೇಣವನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಆಮೇಲೆಯೇ ಚರ್ಮ ಕೊಯ್ದ. ಸುಶ್ರುತಸಂಹಿತೆಯಲ್ಲಿಯೂ ಎಲೆಯಿಂದ ಮೂಗಿನ ಅಳತೆ ತೆಗೆಯುವ ಕ್ರಮವಿದೆ.

ಇಂದಿನ ವೈದ್ಯರು ಎದೆಯ ಅಗಲ, ಚರ್ಮದ ಹಿಗ್ಗುವಿಕೆ, ಅಂಗಾಂಶದ ದಪ್ಪ ಅಳೆಯುತ್ತಾರೆ. ಮಾದರಿ ಚೀಲಗಳನ್ನು ಒಳಉಡುಪಿನಲ್ಲಿಟ್ಟು ತೋರಿಸುತ್ತಾರೆ. ಮನೆಯಲ್ಲಿಯೇ ಪರೀಕ್ಷಿಸುವ ಸುಲಭ ವಿಧಾನವೂ ಇದೆ. ಅಳತೆಯ ಲೋಟದಲ್ಲಿ 300 ಮಿಲಿಲೀಟರ್ ಅಕ್ಕಿ ಅಳೆದು, ತೆಳುವಾದ ಕಾಲುಚೀಲಕ್ಕೆ ತುಂಬಿ, ಒಳಉಡುಪಿನಲ್ಲಿಟ್ಟುಕೊಂಡು ಕೆಲವು ದಿನ ಮನೆಗೆಲಸ ಮಾಡಿ ನೋಡುವುದು. ಅಕ್ಕಿಕಾಳಿನ ನಡುವೆ ಗಾಳಿ ಇರುವುದರಿಂದ ಅದು ಜೆಲ್‌ಗಿಂತ ಹಗುರ ಎಂಬುದು ನೆನಪಿರಲಿ. ಅಕ್ಕಿಯೇ ಭಾರವೆನಿಸಿದರೆ ಜೆಲ್ ಇನ್ನೂ ಭಾರವೆನಿಸುತ್ತದೆ.

ಕ್ಯಾನ್ಸರ್ ನಂತರದ ಅಳತೆ

ಅಳತೆಯ ಪ್ರಶ್ನೆ ಬರೀ ಸೌಂದರ್ಯದ್ದಲ್ಲ. ಬೆಂಗಳೂರಿನ ಮಹಿಳೆಯರಲ್ಲಿ ಅತಿ ಹೆಚ್ಚು ಕಂಡುಬರುವ ಕ್ಯಾನ್ಸರ್ ಸ್ತನ ಕ್ಯಾನ್ಸರ್ ಎಂದು 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ನೋಂದಣಿ ದಾಖಲೆಗಳು ತೋರಿಸುತ್ತವೆ. ಒಂದು ಸ್ತನ ಕಳೆದುಕೊಂಡವರಿಗೆ ಇನ್ನೊಂದಕ್ಕೆ ಸಮನಾದ ಅಳತೆ ಬೇಕು. ಸಾಕಷ್ಟು ಚರ್ಮವೇ ಉಳಿದಿರುವುದಿಲ್ಲ. ಅಂಥವರಿಗೆ ಮೊದಲು ತಾತ್ಕಾಲಿಕ ಚೀಲವೊಂದನ್ನು ಖಾಲಿಯಾಗಿ ಇಟ್ಟು, ವಾರ ವಾರಕ್ಕೆ ಸೂಜಿಯಿಂದ ಸ್ವಲ್ಪ ಸ್ವಲ್ಪ ಉಪ್ಪುನೀರು ತುಂಬಿ ಚರ್ಮವನ್ನು ಹಿಗ್ಗಿಸುತ್ತಾರೆ. ಬಸಿರಿನಲ್ಲಿ ಹೊಟ್ಟೆಯ ಚರ್ಮ ಹಿಗ್ಗುವ ತತ್ವವೇ ಇದು. ಬೇಕಾದ ಅಳತೆ ಬಂದ ಮೇಲೆ ಅದನ್ನು ತೆಗೆದು ಕಾಯಂ ಇಂಪ್ಲಾಂಟ್ ಕೂರಿಸುತ್ತಾರೆ. 1970ರ ದಶಕದಲ್ಲಿ ಚೆಡೊಮಿರ್ ರಾಡೋವಾನ್ ಎಂಬ ವೈದ್ಯರು ಈ ವಿಧಾನವನ್ನು ರೂಢಿಗೆ ತಂದರು. ಮಹಿಳೆ ಎಚ್ಚರವಾಗಿದ್ದು, ತನ್ನ ಅಳತೆಯನ್ನು ಕಣ್ಣಾರೆ ಕಂಡು ನಿರ್ಧರಿಸುವ ಅವಕಾಶ ಇದರಲ್ಲಿದೆ.

ಎಚ್ಚರ ಹೇಳುವ ಇತಿಹಾಸ

ಸಿಲಿಕೋನ್ ಜೆಲ್ ಇಂಪ್ಲಾಂಟಿನ ಸುರಕ್ಷತೆಯ ಬಗ್ಗೆ ಸಂದೇಹ ಎದ್ದಾಗ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 1992ರಲ್ಲಿ ಅದರ ಬಳಕೆಯನ್ನು ತಡೆಹಿಡಿಯಿತು. ಮೊಕದ್ದಮೆಗಳ ಹೊರೆಯಿಂದ ಡೌ ಕಾರ್ನಿಂಗ್ ಕಂಪನಿ 1995ರಲ್ಲಿ ದಿವಾಳಿತನದ ಅರ್ಜಿ ಹಾಕಿತು. 2006ರಲ್ಲಿ ಮತ್ತೆ ಅನುಮತಿ ದೊರೆಯಿತು. 2010ರಲ್ಲಿ ಫ್ರಾನ್ಸಿನ ಪಿಐಪಿ ಕಂಪನಿ ವೈದ್ಯಕೀಯ ದರ್ಜೆಯ ಜೆಲ್ ಬದಲು ಕೈಗಾರಿಕೆಯ ಅಗ್ಗದ ಜೆಲ್ ತುಂಬಿದ್ದು ಬಯಲಾಯಿತು. ಒರಟು ಮೇಲ್ಮೈಯ ಕೆಲವು ಇಂಪ್ಲಾಂಟುಗಳಿಗೂ ಅಪರೂಪದ ಒಂದು ಬಗೆಯ ದುಗ್ಧರಸ ಕ್ಯಾನ್ಸರಿಗೂ ನಂಟು ಕಂಡುಬಂದು, 2019ರಲ್ಲಿ ಅಲರ್ಗನ್ ಕಂಪನಿ ಅಂಥವುಗಳನ್ನು ಜಗತ್ತಿನಾದ್ಯಂತ ಹಿಂಪಡೆಯಿತು.

ಹಾಕಿಸಿಕೊಂಡ ಹತ್ತು ವರ್ಷದೊಳಗೆ, ಸೌಂದರ್ಯಕ್ಕಾಗಿ ಹಾಕಿಸಿಕೊಂಡವರಲ್ಲಿ ಐವರಲ್ಲೊಬ್ಬರಿಗೆ, ಕ್ಯಾನ್ಸರ್ ನಂತರ ಹಾಕಿಸಿಕೊಂಡವರಲ್ಲಿ ಇಬ್ಬರಲ್ಲೊಬ್ಬರಿಗೆ ಅದನ್ನು ತೆಗೆಸಬೇಕಾಗಿ ಬರಬಹುದೆಂದು ಅದೇ ಅಮೆರಿಕದ ಸಂಸ್ಥೆ 2011ರಲ್ಲಿ ಹೇಳಿತು. ಇಂಪ್ಲಾಂಟ್ ಜೀವಮಾನವಿಡೀ ಬಾಳುವ ಸಾಧನವಲ್ಲ ಎಂಬ ಎಚ್ಚರಿಕೆಯನ್ನು ಕಪ್ಪು ಚೌಕಟ್ಟಿನೊಳಗೆ ಮುದ್ರಿಸಬೇಕೆಂದು 2021ರಲ್ಲಿ ಆದೇಶಿಸಿತು. ಜೆಲ್ ಇಂಪ್ಲಾಂಟ್ ಇರುವವರು ಹಾಕಿಸಿಕೊಂಡ ಐದಾರು ವರ್ಷಕ್ಕೆ ಮೊದಲ ಬಾರಿ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿ ಒಡೆದಿದೆಯೇ ಎಂದು ನೋಡಿಕೊಳ್ಳಬೇಕೆಂಬುದು ಅದರ ಸಲಹೆ.

ದಾಬಸ್‌ಪೇಟೆಯಿಂದ ಬೆಂಗಳೂರಿಗೆ

ಇಂಥ ಶಸ್ತ್ರಚಿಕಿತ್ಸೆ ಸಿನಿಮಾದವರಿಗೆ ಮಾತ್ರ ಎಂಬ ಕಾಲ ಹೋಯಿತು. ತುಮಕೂರು ರಸ್ತೆಯಲ್ಲಿ ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್ ದೂರದ ದಾಬಸ್‌ಪೇಟೆಯನ್ನೇ ತೆಗೆದುಕೊಂಡರೆ, ಸೋಂಪುರ ಕೈಗಾರಿಕಾ ಪ್ರದೇಶದಲ್ಲಿ ಸ್ವಂತ ಸಂಪಾದನೆಯ ಹೆಣ್ಣುಮಕ್ಕಳಿದ್ದಾರೆ, ಕೈಯಲ್ಲಿ ಮೊಬೈಲಿದೆ, ಕಂತಿನ ಸಾಲವಿದೆ. ಆದರೆ ಶಸ್ತ್ರಚಿಕಿತ್ಸೆಯ ನಂತರ ನಾಲ್ಕಾರು ವಾರ ಭಾರ ಎತ್ತುವಂತಿಲ್ಲ. ನೀರಿನ ಕೊಡವಿರಲಿ, ಕಾರ್ಖಾನೆಯ ಪೆಟ್ಟಿಗೆಯಿರಲಿ, ಮಗುವನ್ನು ಎತ್ತಿಕೊಳ್ಳುವುದಕ್ಕೂ ಮಿತಿಯಿದೆ. ಜ್ವರ ಬಂದರೆ, ಒಂದು ಕಡೆ ದಿಢೀರನೆ ಊದಿಕೊಂಡರೆ, ಕೆಂಪೇರಿದರೆ ಕೂಡಲೇ ವೈದ್ಯರನ್ನು ಕಾಣಬೇಕು. ಎರಡನೇ ಬಾರಿಯ ಅಳತೆ ಬದಲಾವಣೆಗೆ ಈ ಎಲ್ಲ ರಜೆ, ಓಡಾಟ, ಖರ್ಚು ಮತ್ತೊಮ್ಮೆ. ಬರೀ ಸೌಂದರ್ಯಕ್ಕಾದರೆ ಆರೋಗ್ಯವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ, ಮೇಲೆ ಜಿಎಸ್‌ಟಿಯೂ ಬೀಳುತ್ತದೆ. ಕ್ಯಾನ್ಸರ್ ನಂತರದ ಪುನಾರಚನೆಗೆ ವಿಮೆಯ ನಿಯಮ ಬೇರೆ.

ಗುಟ್ಟಾಗಿ ಮಾಡಿಸಿಕೊಳ್ಳುವುದು ಇನ್ನೊಂದು ಅಪಾಯ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡಾಗ, ಹೆತ್ತವರಿಗೆ ಮುಂಚೆ ತಿಳಿದಿರಲಿಲ್ಲವೆಂದು ಪತ್ರಿಕೆಗಳು ಬರೆದವು. ಅದು ಬೇರೆ ಬಗೆಯ ಶಸ್ತ್ರಚಿಕಿತ್ಸೆ. ಆದರೆ ಜೊತೆಗೊಬ್ಬರು ಇರಬೇಕೆಂಬ ಮಾತು ಎಲ್ಲದಕ್ಕೂ ಸಲ್ಲುತ್ತದೆ.

ಕೇಳಬೇಕಾದ ಪ್ರಶ್ನೆಗಳು ಕೆಲವೇ. ವೈದ್ಯರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಇದೆಯೇ? ಆಸ್ಪತ್ರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ನೋಂದಣಿಯಾಗಿದೆಯೇ? ಅರಿವಳಿಕೆ ತಜ್ಞರು ಯಾರು? ಈಗ ಒಳಗಿರುವ ಚೀಲದ ಕಂಪನಿ, ಸಿಸಿ, ಕ್ರಮಸಂಖ್ಯೆ ಬರೆದ ಕಾರ್ಡ್ ಎಲ್ಲಿದೆ? ಈ ಕಾರ್ಡನ್ನು ಮನೆಪತ್ರದಷ್ಟೇ ಜೋಪಾನವಾಗಿ ಇಡಬೇಕು. ಹಳೆಯ ಅಳತೆ ತಿಳಿಯದೆ ಹೊಸ ಅಳತೆ ನಿರ್ಧರಿಸುವುದು ಕಷ್ಟ. ಮ್ಯಾಮೊಗ್ರಾಂ ಮಾಡಿಸುವಾಗಲೂ ಇಂಪ್ಲಾಂಟ್ ಇರುವುದನ್ನು ಮೊದಲೇ ಹೇಳಬೇಕು.

ತನ್ನ ದೇಹದ ಬಗ್ಗೆ ತೀರ್ಮಾನ ಮಾಡುವ ಹಕ್ಕು ಆಕೆಯದೇ. ದೊಡ್ಡದು ಬೇಕೆನ್ನುವುದೂ, ಚಿಕ್ಕದು ಸಾಕೆನ್ನುವುದೂ, ತೆಗೆಸಿಬಿಡುತ್ತೇನೆ ಎನ್ನುವುದೂ ಅದರಲ್ಲಿ ಸೇರಿದೆ. ಆ ತೀರ್ಮಾನ ಗೆಳತಿಯರ ಮಾತಿನಿಂದಲೋ ಗಂಡನ ಒತ್ತಾಯದಿಂದಲೋ ಆಗದೆ, ಎರಡು ಮಿಲಿಮೀಟರಿನ ಲಾಭವನ್ನೂ ಎರಡನೇ ಶಸ್ತ್ರಚಿಕಿತ್ಸೆಯ ನಷ್ಟವನ್ನೂ ತೂಗಿ ನೋಡಿದ ಮೇಲೆ ಆಗಲಿ.